ಎದುರು ತಂಡದ ಚೀಟಿ

ನಮ್ಮ ಮನೆಯಲ್ಲಿ ಕಾಫಿ ಮಾಡುವವರೇ ಇರಲಿಲ್ಲ. ಚಳ್ಳಕೆರೆಯಲ್ಲಿ ನಾವು ಚಹಾದವರು. ಬೆಳಿಗ್ಗೆ ಎದ್ದರೆ ಚಹಾ, ಸಂಜೆ ಮಂಡಕ್ಕಿ ಮೆಣಸಿನಕಾಯಿ ಜೊತೆ ಚಹಾ, ನೆಂಟರು ಬಂದರೆ ಮತ್ತೊಂದು ಸಲ ಚಹಾ. ಹಾಗಾಗಿ ಜಾಹೀರಾತು ವಿಷಯ ಕಲಿಸುವ ಮೇಡಂ ಕ್ಲಾಸಿಗೆ ಬಂದು, "ಈ ಸಲದ ಪ್ರಾಜೆಕ್ಟ್ ಕಾಫಿ ಪುಡಿ. ನಿಜವಾದ ಅಂಗಡಿ, ನಿಜವಾದ ಯಜಮಾನರು, ಅವರೇ ಬಂದು ಕೂತು ನೋಡ್ತಾರೆ" ಅಂದಾಗ ನನಗೆ ಎದೆ ಧಸಕ್ಕೆಂದಿತು.

ನಾನು ಬೆಂಗಳೂರಿಗೆ ಬಂದಿದ್ದು ಪತ್ರಿಕೋದ್ಯಮ ಎಂ.ಎ. ಮಾಡಲು. ಕ್ಲಾಸಿನಲ್ಲಿ ಹನ್ನೊಂದು ಜನ. ಒಂದೇ ಹೆಸರಿನವರು ಮೂವರಿದ್ದರು. ಹಾಗಾಗಿ ಮೊದಲ ವಾರದಿಂದಲೇ ಎಲ್ಲರನ್ನೂ ಊರಿನ ಹೆಸರಿನಿಂದ ಕರೆಯುವುದು ರೂಢಿಯಾಯಿತು. ನಾನು ಚಳ್ಳಕೆರೆ. ಚಿತ್ರ ಚೆನ್ನಾಗಿ ಬಿಡಿಸುವವಳು ಸಿರ್ಸಿ. ಮಾತಿನಲ್ಲಿ ಯಾರಿಗೂ ಸೋಲದವನು ಮಂಡ್ಯ. ನಾಟಕ ಆಡುವವನು ಕೋಲಾರ. ಬೆಂಗಳೂರಿನವರು ನಾಲ್ಕು ಜನ ಇದ್ದರು. ಅವರಿಗೆ ಬಡಾವಣೆಯ ಹೆಸರು: ಬಸವನಗುಡಿ, ರಾಜಾಜಿನಗರ ಹೀಗೆ.

ಮೂರು ತಂಡ ಆಯಿತು. ನಾನು, ಸಿರ್ಸಿ, ರಾಜಾಜಿನಗರ ಮತ್ತು ಇನ್ನೊಬ್ಬಳು ಒಂದು ಕಡೆ. ಮಂಡ್ಯ, ಕೋಲಾರ, ಬಸವನಗುಡಿ ಮತ್ತು ಇನ್ನೊಬ್ಬ ಇನ್ನೊಂದು ಕಡೆ. ಉಳಿದ ಮೂವರು ಮೂರನೇ ತಂಡ. ನಿಜ ಹೇಳಬೇಕೆಂದರೆ ಮೊದಲ ಸೆಮಿಸ್ಟರ್‌ನಿಂದಲೂ ಪೈಪೋಟಿ ಇದ್ದದ್ದು ನನಗೂ ಮಂಡ್ಯನಿಗೂ. ನಾನು ಒಂದು ಸಾಲು ಬರೆದರೆ ಅವನು ಅದಕ್ಕಿಂತ ಚಿಕ್ಕದು ಬರೆಯುತ್ತಿದ್ದ. ಅವನು ಪ್ರಾಸ ಹಾಕಿದರೆ ನಾನು ಪ್ರಾಸವೇ ಇಲ್ಲದ ಸಾಲು ಹುಡುಕುತ್ತಿದ್ದೆ. ಆಮೇಲೆ ಇಬ್ಬರೂ ಒಂದೇ ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದೆವು.

ಅಂಗಡಿ ಇರುವುದು ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಅಡ್ಡರಸ್ತೆಯಲ್ಲಿ. ರಸ್ತೆಗೆ ತಿರುಗುವ ಮೊದಲೇ ಹುರಿದ ಬೀಜದ ವಾಸನೆ ಬರುತ್ತದೆ. ಯಜಮಾನರಿಗೆ ಎಪ್ಪತ್ತು ದಾಟಿದೆ. ಲೆಕ್ಕ ನೋಡಿಕೊಳ್ಳುವುದು ಅವರ ಮಗಳು. ಮೊದಲ ದಿನ ಹನ್ನೊಂದೂ ಜನ ಹೋಗಿ ಅಂಗಡಿಯ ಮುಂದೆ ನಿಂತಾಗ ಅವರು ಹೇಳಿದ್ದನ್ನು ನಾನು ಹಾಗೇ ಬರೆದುಕೊಂಡಿದ್ದೆ.

"ಜಾಹೀರಾತು ಅಂದ್ರೆ ನಂಗೊತ್ತಿಲ್ಲಮ್ಮ. ನನ್ನ ಗಿರಾಕಿಗಳಿಗೆಲ್ಲ ನನ್ನಷ್ಟೇ ವಯಸ್ಸಾಯ್ತು. ಅವರ ಮಕ್ಕಳು ಈ ಊರಲ್ಲಿಲ್ಲ. ಅಕ್ಕಪಕ್ಕದ ಬೀದಿಗಳಲ್ಲಿ ಅಷ್ಟೊಂದು ಹುಡುಗ್ರು ಹುಡುಗೀರು ರೂಮು ಮಾಡ್ಕೊಂಡಿದ್ದಾರೆ. ಮೂಗರಳಿಸಿ ವಾಸನೆ ನೋಡ್ಕೊಂಡು ಹೋಗ್ತಾರೆ. ಒಬ್ರೂ ಒಳಗೆ ಬರಲ್ಲ."

ನಮಗೆ ಸಿಕ್ಕ ಕೆಲಸ ಇಷ್ಟೇ: ಅವರನ್ನು ಒಳಗೆ ಕರೆಸಬೇಕು. ಮೂರು ತಿಂಗಳಿಗೆ ಖರ್ಚು ಅರವತ್ತು ಸಾವಿರ ರೂಪಾಯಿ ಮೀರಬಾರದು. ಟಿವಿ ಇಲ್ಲ, ಪತ್ರಿಕೆ ಇಲ್ಲ. ಫ್ಲೆಕ್ಸ್ ಕಟ್ಟುವ ಮಾತೇ ಬೇಡ ಎಂದು ಮೇಡಂ ಮೊದಲೇ ಹೇಳಿಬಿಟ್ಟರು. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ನಗರದ ತುಂಬಾ ನೇತಾಡುತ್ತಿದ್ದ ಫ್ಲೆಕ್ಸ್‌ಗಳನ್ನು ಪಾಲಿಕೆಯವರು ಕಿತ್ತು ಹಾಕಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಇನ್ನೊಂದು ಷರತ್ತನ್ನೂ ಹಾಕಿದರು. "ಬಾಬಾಬುಡನ್ ಬೇಡ. ಅವರು ಯೆಮನ್‌ನಿಂದ ಏಳು ಕಾಫಿ ಬೀಜ ತಂದ ಕಥೆ ಬೇಡ. ಆ ಕಥೆ ನನಗೂ ಇಷ್ಟ. ಆದ್ರೆ ಅದು ನಾಡಿನ ಎಲ್ಲ ಕಾಫಿಗೂ ಸೇರಿದ್ದು, ಈ ಅಂಗಡಿಗೆ ಮಾತ್ರ ಅಲ್ಲ." ನಮ್ಮ ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಬೆಳೆಯುವುದೇ ಕರ್ನಾಟಕದಲ್ಲಿ. ಕೊಡಗು, ಚಿಕ್ಕಮಗಳೂರು, ಹಾಸನ ಅಂತ ಹೆಸರು ಹೇಳಿದರೆ ಸಾಕು, ಸಾಲು ತಾನಾಗಿ ಹುಟ್ಟುತ್ತದೆ. ಆ ಸುಲಭದ ದಾರಿಯನ್ನೇ ಅವರು ಮುಚ್ಚಿಬಿಟ್ಟಿದ್ದರು.

ಶನಿವಾರ ಬೆಳಿಗ್ಗೆ ಏಳಕ್ಕೆ ನಾನು ಮತ್ತು ಸಿರ್ಸಿ ಅಂಗಡಿಗೆ ಹೋದೆವು. ಸುಮ್ನೆ ಒಂದು ಮೂಲೆಯಲ್ಲಿ ನಿಂತು ಕೇಳಿಸಿಕೊಳ್ಳುವುದು ನಮ್ಮ ಯೋಚನೆ. ನೋಡಿದರೆ ಮಂಡ್ಯ ಆಗಲೇ ಅಲ್ಲಿದ್ದ, ಕೈಯಲ್ಲಿ ಪುಸ್ತಕ. ಮೂವರೂ ಒಬ್ಬರನ್ನೊಬ್ಬರು ನೋಡಿ ಪುಸ್ತಕ ಬೆನ್ನ ಹಿಂದೆ ಇಟ್ಟುಕೊಂಡೆವು. ಯಜಮಾನರು ನಕ್ಕು ಮೂವರಿಗೂ ಒಂದೇ ಬೆಂಚು ತೋರಿಸಿದರು.

ಆ ಬೆಂಚಿನ ಮೇಲೆ ಕೂತ ಎರಡು ಗಂಟೆಯಲ್ಲಿ ನಾನು ಕಲಿತದ್ದು ಎಷ್ಟು ಅಂತ ಈಗಲೂ ಆಶ್ಚರ್ಯವಾಗುತ್ತದೆ. ಬರುವವರು ಯಾರೂ "ಕಾಫಿ ಪುಡಿ ಕೊಡಿ" ಅನ್ನುವುದಿಲ್ಲ. "ಕಾಲು ಕೆಜಿ, ಎಂಬತ್ತು ಇಪ್ಪತ್ತು." "ಅರ್ಧ ಪೀಬರಿ, ಅರ್ಧ ಪ್ಲಾಂಟೇಶನ್." "ಚಿಕೋರಿ ಬೇಡ, ಡಾಕ್ಟ್ರು ಏನಂದ್ರೂ ಪರವಾಗಿಲ್ಲ, ಸ್ಟ್ರಾಂಗ್ ಇರ್ಲಿ." "ಹೋದ ಸಲ ಜಾಸ್ತಿ ನುಣ್ಣಗಾಗಿತ್ತು ರೀ, ಇಳೀಲೇ ಇಲ್ಲ." ಒಬ್ಬ ಅಜ್ಜಿ ಬಂದು ಏನೂ ಹೇಳದೆ ನಿಂತರು. ಯಜಮಾನರು ಏನೂ ಕೇಳದೆ ತೂಗಿ, ಪುಡಿ ಮಾಡಿ, ಪೊಟ್ಟಣ ಕಟ್ಟಿ ಕೊಟ್ಟರು. ಅಜ್ಜಿ ಪೊಟ್ಟಣವನ್ನು ಮೂಗಿನ ಹತ್ತಿರ ಹಿಡಿದು, ತಲೆಯಾಡಿಸಿ, ದುಡ್ಡು ಕೊಟ್ಟು ಹೊರಟರು. ಇಬ್ಬರ ನಡುವೆ ಒಂದು ಮಾತೂ ಇಲ್ಲ.

ಪೀಬರಿ ಅಂದರೇನು ಅಂತ ನಾನು ಕೇಳಿದೆ. ಯಜಮಾನರು ಎರಡು ಬೀಜಗಳನ್ನು ನನ್ನ ಅಂಗೈಗೆ ಹಾಕಿದರು. ಒಂದು ಚಪ್ಪಟೆ, ಒಂದು ಗುಂಡಗೆ. ಕಾಫಿ ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೀಜ ಇರುತ್ತವೆ. ಒಂದಕ್ಕೊಂದು ಆತುಕೊಂಡು ಬೆಳೆಯುವುದರಿಂದ ಒಳಮೈ ಚಪ್ಪಟೆಯಾಗುತ್ತದೆ. ಕೆಲವು ಹಣ್ಣಿನಲ್ಲಿ ಒಂದೇ ಬೀಜ ಬೆಳೆಯುತ್ತದೆ. ಪಕ್ಕದಲ್ಲಿ ಯಾರೂ ಇಲ್ಲ, ಹಾಗಾಗಿ ಗುಂಡಗಾಗುತ್ತದೆ. ಅದೇ ಪೀಬರಿ. ಚಿಕೋರಿ ಕಾಫಿಯೇ ಅಲ್ಲ, ಒಂದು ಗಿಡದ ಬೇರನ್ನು ಹುರಿದು ಪುಡಿ ಮಾಡಿದ್ದು. ಡಿಕಾಕ್ಷನ್‌ಗೆ ಬಣ್ಣ, ಮಂದ ಎರಡೂ ಅದರಿಂದ ಬರುತ್ತವೆ. ಕೆಫೀನ್ ಅದರಲ್ಲಿ ಇಲ್ಲ. ಎಂಬತ್ತು ಇಪ್ಪತ್ತು ಅಂದರೆ ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿ. "ಮೋಸ ಅಲ್ಲಮ್ಮ ಇದು. ರುಚಿ. ಆದ್ರೆ ಎಷ್ಟು ಹಾಕಿದೀನಿ ಅಂತ ಹೇಳ್ಬೇಕು. ಹೇಳ್ದೆ ಹಾಕಿದ್ರೆ ಮೋಸ" ಎಂದರು. ಆ ಮಾತನ್ನು ನಾನು ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಅದೇ ಹೊತ್ತಿಗೆ ಮಂಡ್ಯ ಮಿಕ್ಸಿಂಗ್ ಡಬ್ಬದ ಫೋಟೋ ತೆಗೆಯಲು ಎದ್ದು ಹೋಗಿದ್ದ.

ಅವತ್ತು ನಾವು ಕಾಲು ಕೆಜಿ ಪುಡಿ, ಒಂದು ಸ್ಟೀಲ್ ಫಿಲ್ಟರ್ ಕೊಂಡೆವು. ರೂಮಿಗೆ ಬಂದು ಡಿಕಾಕ್ಷನ್ ಹಾಕಿದೆ. ನೀರು ಹಾಕಿದ ಹಾಗೇ ಕೆಳಗೆ ಇಳಿಯಿತು, ತೆಳ್ಳಗೆ, ಕಂದು ನೀರು. ಎರಡನೇ ಸಲ ಪುಡಿಯನ್ನು ಗಟ್ಟಿಯಾಗಿ ಒತ್ತಿದೆ. ಒಂದು ಗಂಟೆಯಾದರೂ ನಾಲ್ಕು ಹನಿ. ಮೂರನೇ ಸಲ ಮುಚ್ಚಳ ತೆಗೆದು ಚಮಚದಲ್ಲಿ ಕದಡಿದೆ. ಕೆಳಗೆ ಬರೀ ಗಸಿ. ಮೂರು ದಿನ ಹೀಗೇ ಆಯಿತು. ಕುಡಿಯಲು ಬಾರದ್ದನ್ನು ಕುಡಿಯಿರಿ ಅಂತ ಬರೆಯುವುದು ಹೇಗೆ? ನನಗೆ ಅದು ತಪ್ಪು ಅನ್ನಿಸುತ್ತದೆ, ಈಗಲೂ.

ಕೊನೆಗೆ ನಾಚಿಕೆ ಬಿಟ್ಟು ಎದುರು ತಂಡದ ಬಸವನಗುಡಿಯನ್ನೇ ಕೇಳಿದೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಭಾನುವಾರ ಮನೆಗೆ ಬಾ. ಅಮ್ಮ ಕಲಿಸ್ತಾಳೆ. ಆದ್ರೆ ಐಡಿಯಾ ಬಗ್ಗೆ ಒಂದ್ಮಾತೂ ಆಡಬಾರದು, ಇಬ್ರೂ" ಅಂದಳು. ಹೋದೆ. ಅವಳ ಅಮ್ಮ ಒಲೆಯ ಪಕ್ಕ ನಿಲ್ಲಿಸಿಕೊಂಡು ಕಲಿಸಿದರು. ಮೇಲಿನ ಪಾತ್ರೆಗೆ ಮೂರು ಚಮಚ ಪುಡಿ. ಮಟ್ಟ ಮಾಡಲು ಬೆರಳಿನ ಭಾರದಷ್ಟು ಒತ್ತಿದರೆ ಸಾಕು. ಅದರ ಮೇಲೆ ತೂತಿನ ಬಿಲ್ಲೆ. ಕುದಿ ಬಂದ ನೀರನ್ನು ಮೊದಲು ಸ್ವಲ್ಪವೇ ಸ್ವಲ್ಪ ಹಾಕಿ ಪುಡಿ ನೆನೆಯಲು ಬಿಡಬೇಕು. ಆಮೇಲೆ ಉಳಿದದ್ದು. ಮುಚ್ಚಿದ ಮೇಲೆ ಮುಟ್ಟಬಾರದು. "ಇಪ್ಪತ್ತು ನಿಮಿಷ. ಅಲ್ಲೀವರೆಗೂ ನಿನ್ನ ಕೆಲಸ ನೀನು ನೋಡ್ಕೋ, ಅದರ ಕೆಲಸ ಅದು ನೋಡ್ಕೊಳ್ಳುತ್ತೆ" ಎಂದರು. ಆ ಇಪ್ಪತ್ತು ನಿಮಿಷ ನಾವು ಮೂವರೂ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದೆವು. ಮಾತಿಲ್ಲ. ಒಳಗೆ ತೊಟ್ಟಿಕ್ಕುವ ಸದ್ದು ಮಾತ್ರ. ಆಮೇಲೆ ಕುಡಿದ ಆ ಲೋಟ ಕಾಫಿಯೇ ನನ್ನ ಜೀವನದ ಮೊದಲ ಕಾಫಿ ಅಂತ ನಾನು ಲೆಕ್ಕ ಹಾಕುತ್ತೇನೆ.

ಇನ್ನು ಬರೆಯುವ ಕಷ್ಟ. ಮೇಡಂ ನಮ್ಮ ಹತ್ತಿರ ಬರುವ ಮೊದಲು ಹನ್ನೆರಡು ವರ್ಷ ಜಾಹೀರಾತು ಏಜೆನ್ಸಿಯಲ್ಲಿ ಕನ್ನಡ ಕಾಪಿ, ಅಂದರೆ ಜಾಹೀರಾತಿನ ಮಾತು, ಬರೆದವರು. ಬರೆದವರು ಅನ್ನುವುದಕ್ಕಿಂತ ಬೇರೆ ಭಾಷೆಯಲ್ಲಿ ಬಂದದ್ದನ್ನು ಕನ್ನಡಕ್ಕೆ ತಂದವರು. ಅದರ ಬಗ್ಗೆ ಅವರಿಗೆ ಬೇಸರ ಇತ್ತು. "ಮುಂಬೈಯಲ್ಲಿ ಹುಟ್ಟಿದ ಸಾಲು ರಾತ್ರಿ ಹನ್ನೊಂದಕ್ಕೆ ಮೇಲ್‌ನಲ್ಲಿ ಬರ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಕನ್ನಡ ಬೇಕು. ತುಟಿ ಆಡುವ ಲೆಕ್ಕಕ್ಕೆ ಪದ ಹೊಂದಿಸ್ತಿದ್ವಿ" ಎನ್ನುತ್ತಿದ್ದರು. ಹಾಗಾಗಿ ನಮ್ಮ ಹತ್ತಿರ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇದನ್ನ ಬಾಯಿಬಿಟ್ಟು ಯಾರಿಗಾದ್ರೂ ಹೇಳ್ತೀಯಾ?" ಹೇಳಲು ಆಗದ ಸಾಲನ್ನು ಅಳಿಸಬೇಕು. ಪಿಯೂಷ್ ಪಾಂಡೆ ಅವರ ಫೆವಿಕಾಲ್ ಜಾಹೀರಾತುಗಳನ್ನು ಅವರು ಮತ್ತೆ ಮತ್ತೆ ತೋರಿಸುತ್ತಿದ್ದರು. ಅಂಟಿನ ಬಗ್ಗೆ ದೊಡ್ಡ ಮಾತಿಲ್ಲ. ಹಳ್ಳಿಯ ಜನ, ತುಂಬಿ ತುಳುಕುವ ವಾಹನ, ಬೀದಿಯ ತಮಾಷೆ. ಇಂಗ್ಲಿಷಿನಲ್ಲಿ ಯೋಚಿಸುತ್ತಿದ್ದ ಈ ಉದ್ಯಮವನ್ನು ಜನರ ಮಾತಿನ ಕಡೆ ತಿರುಗಿಸಿದವರಲ್ಲಿ ಅವರು ದೊಡ್ಡವರು. "ಅದು ಅವರ ಬೀದಿ. ನಿಮ್ಮ ಬೀದಿ ಎಲ್ಲಿದೆ ತೋರಿಸಿ" ಅನ್ನುವುದು ಮೇಡಂ ಮಾತು.

ಒಬ್ಬೊಬ್ಬರೂ ನೂರು ಸಾಲು ಬರೆಯಬೇಕಿತ್ತು. ನನ್ನ ಮೊದಲ ಮೂವತ್ತರಲ್ಲಿ "ಅಮ್ಮನ ಕೈರುಚಿ" ಏಳು ಸಲ ಬಂದಿತ್ತು. "ಪರಿಮಳ" ಹನ್ನೊಂದು ಸಲ. ಅವೆಲ್ಲ ಹೋದವು. ನಲವತ್ತರಿಂದ ಅರವತ್ತು ಪ್ರಾಸದ ಸಾಲುಗಳು. ಅವೂ ಹೋದವು. ಎಪ್ಪತ್ತರ ನಂತರ ಕೈಯಲ್ಲಿ ಏನೂ ಉಳಿದಿರಲಿಲ್ಲ. ಆಗ ಬಸವನಗುಡಿಯ ಅಡುಗೆಮನೆ ನೆನಪಾಯಿತು. ಎಂಬತ್ತಮೂರನೇ ಸಾಲು ಹೀಗೆ ಬಂತು:

ಸುಮ್ನೆ ಕೂತ್ಕೊಳ್ಳಿ. ಡಿಕಾಕ್ಷನ್ ಇಳೀತಿದೆ.

ಸಿರ್ಸಿ ಅದನ್ನು ಓದಿ ಪೆನ್ಸಿಲ್ ಕೆಳಗಿಟ್ಟಳು. ನಮಗೆ ದಾರಿ ಸಿಕ್ಕಿತ್ತು. ಈ ಊರಿನಲ್ಲಿ ಯಾರಿಗೂ ಹೊತ್ತಿಲ್ಲ. ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ಕಾಯುತ್ತೇವೆ. ಅದು ನಮ್ಮ ಹೊತ್ತಲ್ಲ, ಯಾರೋ ಕಿತ್ತುಕೊಂಡ ಹೊತ್ತು. ಫಿಲ್ಟರ್ ಮುಂದೆ ಕಾಯುವ ಇಪ್ಪತ್ತು ನಿಮಿಷ ಮಾತ್ರ ನಮ್ಮದೇ. ಇನ್‌ಸ್ಟಂಟ್ ಪುಡಿಗೆ ಕೊಡಲು ಆಗದ್ದು ಇದೊಂದೇ.

ಎಲ್ಲಿ ಬರೆಯುವುದು? ಅದಕ್ಕೆ ಉತ್ತರ ಇನ್ನೊಂದು ಕ್ಲಾಸಿನಲ್ಲಿ ಸಿಕ್ಕಿತು. ಮೇಡಂ ಒಂದು ಮೈಸೂರು ಸ್ಯಾಂಡಲ್ ಸೋಪು ತಂದು ಮೇಜಿನ ಮೇಲಿಟ್ಟಿದ್ದರು. 1916ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಕಟ್ಟಿದ ಕಾರ್ಖಾನೆಯ ಸೋಪು. ಮೊಟ್ಟೆಯ ಆಕಾರ, ಆನೆಯ ತಲೆ ಸಿಂಹದ ಮೈಯ ಶರಭ, ಒಡವೆ ಇಡುವ ಪೆಟ್ಟಿಗೆಯಂಥ ಡಬ್ಬಿ. "ಡಬ್ಬಿ ತೆರೆಯೋ ಮುಂಚೆನೇ ಒಳಗಿರೋದು ಬೆಲೆಬಾಳೋದು ಅಂತ ಗೊತ್ತಾಗುತ್ತಲ್ವಾ? ಪೊಟ್ಟಣಕ್ಕಿಂತ ಅಗ್ಗದ ಜಾಹೀರಾತು ಇಲ್ಲ. ಅದು ಹೇಗಿದ್ರೂ ಮನೆಗೆ ಹೋಗುತ್ತೆ" ಎಂದರು. ಹಾಗಾಗಿ ನಮ್ಮ ಜಾಹೀರಾತು ಪೊಟ್ಟಣದ ಮೇಲೆ. ಮುಂದೆ ಆ ಸಾಲು. ಹಿಂದೆ ಡಿಕಾಕ್ಷನ್ ಹಾಕುವ ವಿಧಾನ, ಸಿರ್ಸಿ ಬಿಡಿಸಿದ ಆರು ಚಿತ್ರಗಳ ಜೊತೆ. ಅಂಗಡಿ ಮುಂದೆ ಒಂದು ಕಲ್ಲು ಬೆಂಚು, ಅದರ ಮೇಲೂ ಅದೇ ಸಾಲು.

ನನಗೆ ಗೆದ್ದೇ ಬಿಟ್ಟೆವು ಅನ್ನಿಸಿತ್ತು.

ಮಂಡನೆಗೆ ಎರಡು ದಿನ ಮೊದಲು ಮೇಡಂ ಅವರ ಒಂದು ಪದ್ಧತಿ ಇದೆ. ಪ್ರತಿ ತಂಡವೂ ಎದುರು ತಂಡಕ್ಕೆ ಎಲ್ಲವನ್ನೂ ತೋರಿಸಬೇಕು. ನೋಡಿದವರು ಒಂದು ಚೀಟಿಯಲ್ಲಿ ಒಂದೇ ಒಂದು ಅನುಮಾನ ಬರೆದು ಕೊಡಬೇಕು. ಹೊಗಳಿಕೆ ಬೇಡ, ಸಲಹೆ ಬೇಡ. ಎಲ್ಲಿ ತೂತು ಕಾಣುತ್ತದೋ ಅದು. ಇದಕ್ಕೆ ಅಂಕ ಇಲ್ಲ. "ಏಜೆನ್ಸಿಯಲ್ಲಿ ನನ್ನನ್ನ ಉಳಿಸಿದ್ದು ಪಕ್ಕದ ಟೇಬಲ್ಲಿನವರು" ಎಂದಷ್ಟೇ ಹೇಳಿದರು.

ನಾವು ಮೊದಲು ತೋರಿಸಿದೆವು. ಮಂಡ್ಯ ಎಂಬತ್ತಮೂರನೇ ಸಾಲನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನು ಸುಮ್ಮನಿದ್ದರೆ ಅದೇ ದೊಡ್ಡ ಮೆಚ್ಚುಗೆ. ಆಮೇಲೆ ಅವರು ತೋರಿಸಿದರು.

ಅವರದ್ದು ಬೈ ಟೂ. ಬೆಂಗಳೂರಿನ ಹೋಟೆಲ್ಲಿಗೆ ಹೋದವರಿಗೆಲ್ಲ ಗೊತ್ತಿರುವ ಮಾತು. ಒಂದು ಕಾಫಿ ಹೇಳಿ ಇಬ್ಬರು ಹಂಚಿಕೊಂಡು ಕುಡಿಯುವುದು. ಅವರು ಅದನ್ನು ಹೋಟೆಲ್ಲಿನಿಂದ ರೂಮಿಗೆ ತಂದಿದ್ದರು. ನೂರು ಗ್ರಾಂ ಪುಡಿ, ಇಬ್ಬರಿಗೆ ಸಾಕಾಗುವ ಪುಟ್ಟ ಫಿಲ್ಟರ್, ಒಂದೇ ಕಟ್ಟು. ಮೇಲೆ ಬರೆದಿದ್ದರು:

ಬಾಡಿಗೆ ಬೈ ಟೂ. ಕರೆಂಟು ಬೈ ಟೂ. ಕಾಫಿ ಮಾತ್ರ ಯಾಕೆ ಒಬ್ಬೊಬ್ಬರೇ?

ನನಗೆ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಹೊಟ್ಟೆಕಿಚ್ಚು ಅಂತ ಹೇಳಲಾರೆ. ಅಷ್ಟು ಚೆನ್ನಾಗಿತ್ತು. ನಾನೂ ಎರಡು ವರ್ಷದಿಂದ ರೂಮು ಹಂಚಿಕೊಂಡಿದ್ದೇನೆ, ಪ್ರತಿ ತಿಂಗಳು ಒಂದನೇ ತಾರೀಕು ಲೆಕ್ಕ ಹಾಕುತ್ತೇನೆ, ನನಗ್ಯಾಕೆ ಹೊಳೆಯಲಿಲ್ಲ? ಕಣ್ಣೆದುರೇ ಇದ್ದ ಮಾತನ್ನು ಬೇರೆಯವರು ಎತ್ತಿಕೊಂಡಾಗ ಆಗುವ ಆ ನೋವು ಬರೆಯುವವರಿಗೆಲ್ಲ ಗೊತ್ತಿರುತ್ತದೆ.

ಅವರ ಕಟ್ಟಿನಲ್ಲಿ ನನಗೆ ಎರಡು ತೂತು ಕಂಡವು. ಒಂದು ದುಡ್ಡಿನದು. ಫಿಲ್ಟರನ್ನು ಮೊದಲ ಇನ್ನೂರು ಜನಕ್ಕೆ ಉಚಿತ ಅಂದಿದ್ದರು. ನಾವು ಕೊಂಡ ಪುಟ್ಟ ಫಿಲ್ಟರಿಗೇ ಇನ್ನೂರೈವತ್ತು ರೂಪಾಯಿ ಆಗಿತ್ತು. ಎರಡನೆಯದು ಇನ್ನೂ ದೊಡ್ಡದು. ಕಟ್ಟಿನ ಮೇಲೆ ದಪ್ಪಕ್ಷರದಲ್ಲಿ "ಅಪ್ಪಟ ಕಾಫಿ" ಎಂದಿತ್ತು. ಒಳಗೆ ಹಾಕಲು ಅವರು ಆರಿಸಿದ್ದು ಎಂಬತ್ತು ಇಪ್ಪತ್ತು. ಚಿಕೋರಿ ಇರುವ ಪುಡಿಯಲ್ಲಿ ಕಾಫಿ ನೂರಕ್ಕೆ 51 ಪಾಲಿಗಿಂತ ಕಡಿಮೆ ಇರಬಾರದು, ಎಷ್ಟು ಕಾಫಿ ಎಷ್ಟು ಚಿಕೋರಿ ಅಂತ ಪೊಟ್ಟಣದ ಮೇಲೆ ಬರೆಯಲೇಬೇಕು. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ನಿಯಮ ಅದು. 2019ರ ಗ್ರಾಹಕರ ರಕ್ಷಣಾ ಕಾಯ್ದೆ ಬಂದ ಮೇಲೆ ದಾರಿ ತಪ್ಪಿಸುವ ಜಾಹೀರಾತಿಗೆ ದಂಡವೂ ಇದೆ. ಇದನ್ನೆಲ್ಲ ಬಿಡಿ. ಆ ಯಜಮಾನರ ಮುಂದೆ "ಅಪ್ಪಟ" ಅಂತ ಹಿಡಿದರೆ ಅವರಿಗೆ ಎಷ್ಟು ನೋವಾಗುತ್ತದೆ ಅಂತ ನನಗೆ ಗೊತ್ತಿತ್ತು. ನನ್ನ ಪುಸ್ತಕದಲ್ಲಿ ಗೆರೆ ಎಳೆದ ಸಾಲು ಅದೇ ತಾನೆ.

ಒಂದೇ ಚೀಟಿ. ಫಿಲ್ಟರಿನ ಲೆಕ್ಕ ಬರೆದರೆ ಅವರಿಗೆ ಅಷ್ಟೇನೂ ನಷ್ಟವಿಲ್ಲ, ನನ್ನ ಕರ್ತವ್ಯವೂ ಮುಗಿಯುತ್ತದೆ. ಅಪ್ಪಟದ ಮಾತು ಬರೆಯದೆ ಬಿಟ್ಟರೆ ಅವರು ಬಹುಶಃ ಸೋಲುತ್ತಾರೆ. ಇದನ್ನು ನಾನು ಯೋಚಿಸಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಪೆನ್ನು ಹಿಡಿದು ಐದು ನಿಮಿಷ ಕೂತಿದ್ದೆ. ರಾಜಾಜಿನಗರ "ಫಿಲ್ಟರ್ ಬರಿ, ಸಾಕು" ಅಂದ. ಸಿರ್ಸಿ ನನ್ನ ಕಡೆ ನೋಡಿ, "ಅವರ ಅಮ್ಮ ನಿಂಗೆ ಕಾಫಿ ಕಲಿಸಿದಾರಲ್ಲೇ" ಅಂದಳು. ಬರೆದೆ: "ಅಪ್ಪಟ ಅಂದಿದ್ದೀರಿ. ಇಪ್ಪತ್ತು ಪಾಲು ಚಿಕೋರಿ ಇದೆ. ಯಜಮಾನರು ಒಪ್ಪುತ್ತಾರಾ?"

ಅವರ ಚೀಟಿ ನಮಗೆ ಬಂತು. ಮಂಡ್ಯನ ಅಕ್ಷರ. "ಪೀಜಿಯಲ್ಲಿ ಒಲೆ ಇಲ್ಲ. ಎಲ್ಲಿ ಕೂತ್ಕೊಳ್ಳೋದು, ಎಲ್ಲಿ ಇಳಿಸೋದು?"

ನಾಲ್ಕು ಜನವೂ ಮುಖ ಮುಖ ನೋಡಿಕೊಂಡೆವು. ಸಿರ್ಸಿ ಬಿಡಿಸಿದ ಮೊದಲ ಚಿತ್ರವೇ ಗ್ಯಾಸ್ ಒಲೆಯ ಮೇಲಿನ ಪಾತ್ರೆ. ಪೀಜಿಯಲ್ಲಿ ಇರುವವರಿಗೆ ರೂಮಿನಲ್ಲಿ ಅಡುಗೆ ಮಾಡಲು ಬಿಡುವುದಿಲ್ಲ. ಯಜಮಾನರು ತೋರಿಸಿದ ಜನರ ಬಗ್ಗೆಯೇ ನಾವು ಯೋಚಿಸಿರಲಿಲ್ಲ. ಅಡುಗೆಮನೆ ಇರುವ ಬಸವನಗುಡಿಯ ಮನೆಯನ್ನು ಇಟ್ಟುಕೊಂಡು ಅಷ್ಟೂ ಕಟ್ಟಿದ್ದೆವು.

ಅವತ್ತು ಸಂಜೆ ಅಂಗಡಿ ಸುತ್ತಲಿನ ಪೀಜಿಗಳಿಗೆ ಹೋದೆವು. ಮೂರು ಕಡೆ ಒಳಗೆ ಬಿಟ್ಟರು. ಕಂಡದ್ದು ಏನೆಂದರೆ, ಒಲೆ ಎಲ್ಲೂ ಇಲ್ಲ, ಆದರೆ ನಾವು ನೋಡಿದ ಪ್ರತಿ ರೂಮಿನಲ್ಲೂ ಕರೆಂಟ್ ಕೆಟಲ್ ಇದೆ. ಕುಡಿಯುವ ನೀರಿಗೆ, ನೂಡಲ್ಸ್‌ಗೆ, ಮೊಟ್ಟೆಗೆ ಎಲ್ಲದಕ್ಕೂ ಅದೇ. ದಾವಣಗೆರೆ ಕಡೆಯ ಒಬ್ಬ ಹುಡುಗಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡುತ್ತಾಳೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬರುತ್ತಾಳೆ. "ಡಿಕಾಕ್ಷನ್‌ಗೆ ಬರೀ ಬಿಸಿನೀರು ತಾನೆ ಅಕ್ಕ? ಕೆಟಲ್ ಸಾಕು. ಹಾಲು ಮೆಸ್ಸಲ್ಲಿ ಕೊಡ್ತಾರೆ. ಅವರ ಕಾಫಿ ಬೇಡ, ಹಾಲು ಮಾತ್ರ ಕೊಡಿ ಅಂದ್ರಾಯ್ತು" ಎಂದಳು. ನಾವು ಮೂರು ವಾರದಲ್ಲಿ ಕಂಡುಹಿಡಿಯದ್ದನ್ನು ಅವಳು ಮಂಚದ ಮೇಲೆ ಕಾಲು ನೀಡಿಕೊಂಡು ಹೇಳಿದಳು. ಸಿರ್ಸಿ ರಾತ್ರಿ ಎರಡರವರೆಗೆ ಕೂತು ಆರೂ ಚಿತ್ರ ಮತ್ತೆ ಬಿಡಿಸಿದಳು. ಒಲೆ ಹೋಗಿ ಕೆಟಲ್ ಬಂತು.

ಮಂಡನೆಯ ದಿನ ಒಂದೊಂದು ತಂಡಕ್ಕೆ ಏಳು ನಿಮಿಷ. ಎದುರಿಗೆ ಮೇಡಂ, ಯಜಮಾನರು, ಅವರ ಮಗಳು. ಮೂರನೇ ತಂಡ ಹಳೆಯ ಗಿರಾಕಿಗಳನ್ನು ಮಾತಾಡಿಸಿ ಚಿಕ್ಕ ಚಿಕ್ಕ ವಿಡಿಯೋ ಮಾಡಿತ್ತು. ಮಾತಿಲ್ಲದ ಆ ಅಜ್ಜಿ ಅದರಲ್ಲಿ ಮಾತಾಡಿದ್ದರು. ನೋಡಲು ಸೊಗಸಾಗಿತ್ತು. ಆದರೆ ಕೆಲಸ ಹೊಸಬರನ್ನು ಕರೆಸುವುದಾಗಿತ್ತಲ್ಲ.

ನಾವು ಹೊರಗೆ ಕಾಲು ಗಂಟೆ ಮೊದಲೇ ಕೆಟಲ್ಲಿನಲ್ಲಿ ನೀರು ಕಾಯಿಸಿ ಡಿಕಾಕ್ಷನ್ ಹಾಕಿದ್ದೆವು. ಒಳಗೆ ತಂದು ಮೇಜಿನ ಮೇಲಿಟ್ಟು, ಅದು ಇಳಿಯುತ್ತಿರುವಾಗಲೇ ಮಾತು ಶುರು ಮಾಡಿದೆ. ನರ್ಸ್ ಹುಡುಗಿಯ ಬೆಳಗಿನ ಕಥೆ ಹೇಳಿದೆ. ಪೊಟ್ಟಣ ತೋರಿಸಿದೆವು. ಕೊನೆಗೆ ಮೂರು ಲೋಟ ಕಾಫಿ ಕೊಟ್ಟೆವು. ಯಜಮಾನರು ಒಂದು ಗುಟುಕು ಕುಡಿದು, "ಪುಡಿ ಒಂಚೂರು ಜಾಸ್ತಿ ಒತ್ತಿದೀಯಮ್ಮ. ಆದ್ರೆ ಚೆನ್ನಾಗಿದೆ" ಎಂದರು. ನನಗೆ ಅಷ್ಟೇ ಬೇಕಿತ್ತು. ಆಮೇಲೆ ಅವರೇ ಕೇಳಿದರು: "ಎಂಟೂವರೆಗೆ ಮೆಟ್ರೋ ಹಿಡಿಯೋ ಹುಡುಗನಿಗೆ ಸುಮ್ನೆ ಕೂತ್ಕೋ ಅಂದ್ರೆ ಕೋಪ ಬರಲ್ವಾ?" ಸ್ನಾನಕ್ಕೆ ಹೋಗುವ ಮುಂಚೆ ಹಾಕಿಟ್ಟರೆ ಬರುವಷ್ಟರಲ್ಲಿ ಇಳಿದಿರುತ್ತದೆ ಎಂದು ನಾನು ಹೇಳಿದೆ. ಹೇಳುವಾಗಲೇ ಗೊತ್ತಾಯಿತು, ನನ್ನ ಉತ್ತರ ನನ್ನ ಸಾಲಿಗೇ ಎದುರಾಗಿದೆ. ಸ್ನಾನಕ್ಕೆ ಹೋದವನು ಸುಮ್ನೆ ಕೂತಿರುವುದಿಲ್ಲ.

ಎದುರು ತಂಡ ಬಂತು. ಕೋಲಾರ ಮತ್ತು ಮಂಡ್ಯ ರೂಮ್‌ಮೇಟುಗಳಾದರು. ಫೋನಿನಲ್ಲಿ ಲೆಕ್ಕ. "ಬಾಡಿಗೆ ಒಂಬತ್ತು ನಿಂದು, ಒಂಬತ್ತು ನಂದು. ವೈಫೈ ಮುನ್ನೂರು ನಿಂದು. ನೀರಿನ ಕ್ಯಾನು ನೋಡು, ಅದೂ ಬೈ ಟೂ." ಇಡೀ ಕ್ಲಾಸು ನಗುತ್ತಿತ್ತು, ನಾನೂ ನಕ್ಕೆ. ಆಮೇಲೆ ಕಟ್ಟು ಮೇಲೆತ್ತಿದರು. "ಅಪ್ಪಟ ಕಾಫಿ" ಅಲ್ಲಿ ಇರಲಿಲ್ಲ. ಅದೇ ಜಾಗದಲ್ಲಿ ಅಷ್ಟೇ ದಪ್ಪಕ್ಷರದಲ್ಲಿ ಬೇರೆ ಸಾಲು ಇತ್ತು:

80 ಕಾಫಿ. 20 ಚಿಕೋರಿ. ಲೆಕ್ಕ ಪಕ್ಕಾ.

ಯಜಮಾನರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ರೂಮ್‌ಮೇಟುಗಳ ಲೆಕ್ಕ, ಪುಡಿಯ ಲೆಕ್ಕ, ಎರಡೂ ಒಂದೇ ಮಾತಿನಲ್ಲಿ ಕೂತಿದ್ದವು. ಮಂಡ್ಯ ನಿಂತ ಜಾಗದಿಂದ ನನ್ನ ಕಡೆ ಕೈ ತೋರಿಸಿ, "ಸರ್, ಈ ಸಾಲು ನಮ್ಮದಲ್ಲ. ಚಳ್ಳಕೆರೆ ಕೊಟ್ಟ ಚೀಟಿಯಿಂದ ಬಂದಿದ್ದು" ಎಂದ. ಅದನ್ನು ಹೇಳಬೇಕಾದ ಅಗತ್ಯ ಅವನಿಗೆ ಇರಲಿಲ್ಲ. ನನಗೆ ಗಂಟಲು ಕಟ್ಟಿತು.

ಆದರೆ ಮಗಳು ಕ್ಯಾಲ್ಕುಲೇಟರ್ ತೆಗೆದರು. "ಇನ್ನೂರು ಫಿಲ್ಟರು, ಇನ್ನೂರೈವತ್ತರ ಹಾಗೆ ಐವತ್ತು ಸಾವಿರ. ಉಳಿಯೋ ಹತ್ತು ಸಾವಿರದಲ್ಲಿ ಏನ್ ಮಾಡ್ತೀರ?" ತಂಡ ತಬ್ಬಿಬ್ಬಾಯಿತು. ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ. ಕೊನೆಗೆ ಬಸವನಗುಡಿಯೇ, "ಉಚಿತ ಬೇಡ. ಸಗಟು ಬೆಲೆಗೆ ತಂದು ಅದೇ ಬೆಲೆಗೆ ಕೊಡೋಣ. ಅದನ್ನೂ ಇಬ್ರೂ ಹಂಚ್ಕೊಳ್ತಾರೆ" ಎಂದಳು.

ಸಂಜೆ ಬಸ್ ಸ್ಟಾಪಿನಲ್ಲಿ ಮಂಡ್ಯನಿಗೆ ಹೇಳಿಬಿಟ್ಟೆ. "ಫಿಲ್ಟರಿನ ಲೆಕ್ಕ ನಂಗೆ ಮೊದ್ಲೇ ಗೊತ್ತಿತ್ತು ಕಣೋ. ಒಂದೇ ಚೀಟಿ ಅಂತ ಬರೀಲಿಲ್ಲ." ಅವನು, "ನಂಗೂ ನಿನ್ನ ಸಾಲು ಮೆಟ್ರೋ ಹುಡುಗನ ಹತ್ರ ಸಿಕ್ಕಾಕ್ಕೊಳ್ಳುತ್ತೆ ಅಂತ ಗೊತ್ತಿತ್ತು. ಒಲೆ ಮುಖ್ಯ ಅನ್ನಿಸ್ತು, ಅದನ್ನ ಬರೆದೆ" ಎಂದ. ಬಸ್ಸು ಬಂತು, ಹತ್ತಿದೆವು.

ಎರಡು ದಿನದ ನಂತರ ತೀರ್ಮಾನ ಬಂತು. ಬೈ ಟೂ ಗೆದ್ದಿತು. ಗೆಲ್ಲಬೇಕಾದದ್ದೇ ಗೆದ್ದಿದೆ ಎಂದು ನಾನು ಮನಸಾರೆ ಹೇಳುತ್ತೇನೆ. ನನ್ನ ಸಾಲಿಗೆ ಕೂರಲು ಹೊತ್ತಿದ್ದವರು ಬೇಕಿತ್ತು. ಅವರ ಸಾಲು ಹೊತ್ತಿಲ್ಲದವರ ರೂಮಿಗೇ ಹೋಗಿತ್ತು. ಆದರೆ ಯಜಮಾನರು ಒಂದು ಮಾತು ಕೇಳಿದರು. ಕಟ್ಟಿನ ಹಿಂದೆ ಡಿಕಾಕ್ಷನ್ ಹಾಕುವ ವಿಧಾನ ಬೇಕು. ಸಿರ್ಸಿಯ ಚಿತ್ರ ಇರಲಿ, ಮಾತು ಚಳ್ಳಕೆರೆ ಹುಡುಗಿ ಬರೆಯಲಿ. "ಗೊತ್ತಿಲ್ದೇ ಇದ್ದು ಕಲಿತವಳು ಅವಳೇ ತಾನೆ?"

ಹೀಗೆ ಎದುರು ತಂಡದ ಕಟ್ಟಿಗೆ ನಾನು ಆರು ಸಾಲು ಬರೆಯಲು ಕೂತೆ. ನೂರು ಸಾಲು ಬರೆದದ್ದಕ್ಕಿಂತ ಇದು ಕಷ್ಟವಾಯಿತು. ಒಂದೊಂದು ಪದಕ್ಕೂ ಮಂಡ್ಯನ ಜೊತೆ ಜಗಳ. ನಾನು "ಪುಡಿಯನ್ನು ಮೆಲ್ಲಗೆ ಒತ್ತಿ" ಅಂದರೆ ಅವನು "ಮೆಲ್ಲಗೆ ಅಂದ್ರೆ ನಿಧಾನವಾಗಿ ಅಂತ ತಿಳ್ಕೊಂಡು ಗಟ್ಟಿಯಾಗೇ ಒತ್ತುತಾರೆ" ಅಂದ. "ಅದುಮಿ" ಅವನ ಪದ. ಅದು ಇನ್ನೂ ಗಟ್ಟಿಯಾಗಿ ಕೇಳುತ್ತದೆ ಅಂತ ನಾನು. ಕ್ಯಾಂಟೀನಿನಲ್ಲಿ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಕಡೆಗೆ ಬಸವನಗುಡಿಯ ಅಮ್ಮನ ಮಾತೇ ಉಳಿಯಿತು: "ಬೆರಳಿನ ಭಾರದಷ್ಟು ಒತ್ತಿದರೆ ಸಾಕು." ಐದನೇ ಸಾಲಿಗೆ ನಾನು "ಇಪ್ಪತ್ತು ನಿಮಿಷ ಮುಚ್ಚಳ ಮುಟ್ಟಬೇಡಿ. ಸುಮ್ನೆ ಕೂತ್ಕೊಳ್ಳಿ" ಎಂದು ಸೇರಿಸಿದೆ. ಮಂಡ್ಯ ಓದಿ, ನನ್ನ ಮುಖ ನೋಡಿ, ಅದನ್ನು ಹಾಗೇ ಬಿಟ್ಟ.

ಅಚ್ಚಾಗಿ ಬಂದ ಮೊದಲ ಕಟ್ಟುಗಳಲ್ಲಿ ಒಂದನ್ನು ಊರಿಗೆ ಹೋಗುವವರ ಕೈಯಲ್ಲಿ ಅಮ್ಮನಿಗೆ ಕಳಿಸಿದೆ. ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಫೋನು.

"ಎಲ್ಲಾ ನೀನು ಬರೆದಂಗೇ ಮಾಡಿದೆ ಕಣೇ. ಪುಡಿ ಮೂರು ಚಮಚ ಅಂತ ಐತೆ, ಸರಿ. ನೀರು ಎಷ್ಟು ಅಂತ ಎಲ್ಲೂ ಬರೆದಿಲ್ವಲ್ಲೇ?"

ಕಟ್ಟು ತೆಗೆದು ನೋಡಿದೆ. ನಾಲ್ಕನೇ ಸಾಲು: "ಕುದಿ ಬಂದ ನೀರು ಹಾಕಿ." ನಿಜ, ಎಷ್ಟು ಅಂತ ಇರಲಿಲ್ಲ. ಇಬ್ಬರು ಮೂರು ದಿನ ಜಗಳ ಆಡಿ ಬರೆದ ಆರು ಸಾಲು. ಮಂಡ್ಯನಿಗೆ ಫೋಟೋ ಕಳಿಸಿ ಕೆಳಗೆ ಅಮ್ಮನ ಪ್ರಶ್ನೆ ಬರೆದೆ. ಅವನು ಎರಡು ನಿಮಿಷದಲ್ಲಿ ಉತ್ತರ ಕಳಿಸಿದ: "ಅಮ್ಮನ ಚೀಟಿ ಸರಿ ಇದೆ. ಸಣ್ಣ ಲೋಟದಲ್ಲಿ ಒಂದು ಅಂತ ಹಾಕೋಣ್ವಾ, ಫಿಲ್ಟರಿನ ಕುತ್ತಿಗೆವರೆಗೆ ಅಂತ ಹಾಕೋಣ್ವಾ?"

ನನಗೆ ಲೋಟ ಸರಿ ಅನ್ನಿಸಿತು. ಅವನಿಗೆ ಕುತ್ತಿಗೆ. ಕ್ಯಾಂಟೀನಿಗೆ ಬಾ ಅಂದೆ.